ಲಗ್ನಪತ್ರಿಕೆಯ ಜಾಲರಿ, ಮ್ಯೂಯಾನಿನ ಗಾಜು

ಕಳೆದ ಫೆಬ್ರವರಿಯಲ್ಲಿ ನಮ್ಮ ಕಾಲೇಜಿನ ಮೇಜಿನ ಮೇಲಿರುವ, ಆಕಾಶದಿಂದ ಬೀಳುವ ಮ್ಯೂಯಾನು ಎಂಬ ಕಣಗಳನ್ನು ಹಿಡಿಯುವ ಗಾಜಿನ ಡಿಟೆಕ್ಟರು ಆರ್‌ಪಿಸಿ ಶೇಕಡಾ 93ರ ದಕ್ಷತೆ ಮುಟ್ಟಿತು, ಎಂದರೆ ಹಾದುಹೋದ ನೂರು ಮ್ಯೂಯಾನುಗಳಲ್ಲಿ 93ನ್ನು ಗುರುತಿಸಿತು. ಅದರ ಗಾಜಿಗೆ ಬಣ್ಣ ಬಳಿಯುವುದು ನಿನ್ನಿಂದಾಗುವ ಕೆಲಸವಲ್ಲ ಎಂದು ಹೇಳಿದ್ದವರು ಮೂವರು. ಮೂವರಿಗೂ ಗ್ರಾಫ್ ಕಳುಹಿಸಿದೆ. ಒಬ್ಬರಿಂದ ಮಾತ್ರ ಉತ್ತರ ಬಂತು, ಅದೂ ಹೆಬ್ಬೆರಳಿನ ಚಿತ್ರ. ಆ ಖುಷಿಯಲ್ಲಿಯೇ ಇದನ್ನು ಬರೆಯುತ್ತಿದ್ದೇನೆ.

ಡಿಟೆಕ್ಟರ್ ಕೆಲಸ ಮಾಡುವುದು ಹೀಗೆ: ಹೈ ವೋಲ್ಟೇಜು ಹಾಕಿದ ಎರಡು ಗಾಜುಗಳ ನಡುವಿನ ಅನಿಲದಲ್ಲಿ ಮ್ಯೂಯಾನು ಹಾದರೆ ಸಣ್ಣದೊಂದು ವಿದ್ಯುತ್ ಮಿಡಿತ ಹುಟ್ಟುತ್ತದೆ, ಗಾಜಿನ ಹೊರಗಿನ ಲೋಹದ ಪಟ್ಟಿ ಅದನ್ನು ಹಿಡಿಯುತ್ತದೆ. 30 ಸೆಂಟಿಮೀಟರ್ ಚೌಕದ ಎರಡು ಗಾಜು, 3 ಮಿಲಿಮೀಟರ್ ದಪ್ಪ, ನಡುವೆ 2 ಮಿಲಿಮೀಟರ್ ತೆರಪು, ಎರಡೂ ಬದಿಗೆ ಸೇರಿ ಹತ್ತು ಕಿಲೋವೋಲ್ಟಿನ ಆಸುಪಾಸು. 1981ರಲ್ಲಿ ಇಟಲಿಯ ವಿಜ್ಞಾನಿಗಳಾದ ಸಂತೋನಿಕೊ ಮತ್ತು ಕಾರ್ದರೆಲ್ಲಿ ಬೇಕಲೈಟ್ ಎಂಬ ಪ್ಲಾಸ್ಟಿಕ್ಕಿನಲ್ಲಿ ಮಾಡಿ ತೋರಿಸಿದ್ದರ ಗಾಜಿನ ರೂಪ ಇದು. ನಮ್ಮಂತಹ ಸಣ್ಣ ಕಾಲೇಜುಗಳು ಸೋಲುವುದು ಹೈ ವೋಲ್ಟೇಜಿನಲ್ಲಲ್ಲ, ಇಲೆಕ್ಟ್ರಾನಿಕ್ಸಿನಲ್ಲೂ ಅಲ್ಲ. ಗಾಜಿನ ಹೊರಮೈಗೆ ಬಳಿಯುವ ಆ ಕಪ್ಪು ಬಣ್ಣದಲ್ಲಿ. ಅದರ ವಿದ್ಯುತ್ ನಿರೋಧ ಚದರಕ್ಕೆ ಸುಮಾರು ಒಂದು ಮೆಗಾ ಓಂ ಬರಬೇಕು, ಮೂಲೆಯಲ್ಲೂ ನಡುವಿನಲ್ಲೂ ಹೆಚ್ಚುಕಡಿಮೆ ಅಷ್ಟೇ ಇರಬೇಕು. ಕಡಿಮೆಯಾದರೆ ಸಂಕೇತ ಪಟ್ಟಿಗೆ ತಲುಪುವುದಿಲ್ಲ, ಹೆಚ್ಚಾದರೆ ವೋಲ್ಟೇಜು ಗಾಜಿನ ಉದ್ದಕ್ಕೂ ಹರಡುವುದಿಲ್ಲ.

ಮೊದಲ ಎರಡು ವರ್ಷ ಸ್ಪ್ರೇ ಗನ್ ಹಿಡಿದೆ. ಕಾರಿಗೆ ಬಣ್ಣ ಹೊಡೆಯುವವನ ಹತ್ತಿರ ಹಳೆಯದೊಂದನ್ನು ಕೊಂಡೆ, ಕಂಪ್ರೆಸರ್ ಬಾಡಿಗೆಗೆ ತಂದೆ. ಎಲ್ಲ ಸೇರಿ ಹನ್ನೆರಡು ಸಾವಿರಕ್ಕೆ ಕಡಿಮೆಯಿಲ್ಲ. ಹದಿನಾಲ್ಕು ಗಾಜಿಗೆ ಹೊಡೆದಿರಬಹುದು, ಒಂದೂ ಸರಿಯಾಗಲಿಲ್ಲ. ನಡುವೆ ಇನ್ನೂರು ಕಿಲೋ ಓಂ, ಅಂಚಿನಲ್ಲಿ ಐದು ಮೆಗಾ. ಒಂದನ್ನು ಹಠ ಹಿಡಿದು ಜೋಡಿಸಿದೆ. ದೀಪ ಆರಿಸಿ ವೋಲ್ಟೇಜು ಏರಿಸಿದರೆ ಎಂಟೂವರೆ ಕಿಲೋವೋಲ್ಟಿಗೇ ಬಲಮೂಲೆಯಲ್ಲಿ ನೀಲಿ ಕಿಡಿ, ಎಣ್ಣೆಗೆ ಸಾಸಿವೆ ಬಿದ್ದಂತೆ ಚಿಟಪಟ ಸದ್ದು. ವಿದ್ಯಾರ್ಥಿಗಳು ಚಪ್ಪಾಳೆ ತಟ್ಟಿದರು. ಮರುದಿನ ಬಿಚ್ಚಿ ನೋಡಿದರೆ ಬಣ್ಣ ಸುಟ್ಟು ಗಾಜಿನ ಮೇಲೆ ಬೇರು ಬಿಟ್ಟ ಹಾಗೆ ಗೆರೆಗಳು.

ತಾನಾಗಿಯೇ ದಾರಿ ಸಿಕ್ಕಿದ್ದು ನನ್ನ ತಂಗಿಯ ಮಗಳ ಮದುವೆಯಲ್ಲಿ. ಮುಂಬಯಿ ಬಳಿಯ ಡೊಂಬಿವಲಿಯಲ್ಲಿ ನಮ್ಮ ಕಡೆಯ ಲಗ್ನಪತ್ರಿಕೆಗಳಿಗೆಲ್ಲ ಅಚ್ಚು ಹಾಕುವವರು ಕಾರ್ಕಳದವರೊಬ್ಬರು, ಮೂವತ್ತು ವರ್ಷದಿಂದ ಜಾಲರಿಯ ಮೂಲಕ ಶಾಯಿ ಒತ್ತುವ ಸ್ಕ್ರೀನ್ ಪ್ರಿಂಟಿಂಗ್ ಅವರ ಕಸುಬು. ನಾನು ಅಣ್ಣ ಎನ್ನುತ್ತೇನೆ. ಪತ್ರಿಕೆ ತರಲು ಹೋದಾಗ ಅವರು ಗಣಪತಿಯ ಮೇಲೆ ಬಂಗಾರದ ಶಾಯಿ ಎಳೆಯುತ್ತಿದ್ದರು. ರಬ್ಬರಿನ ಅಲಗು ಒಂದೇ ಸಮನೆ ಬಂತು, ನಾನೂರು ಪತ್ರಿಕೆಗೂ ಶಾಯಿಯ ದಪ್ಪದಲ್ಲಿ ಕೂದಲೆಳೆಯ ವ್ಯತ್ಯಾಸವಿಲ್ಲ. ಅಲ್ಲೇ ನಿಂತುಕೊಂಡೆ. ಯುರೋಪಿನ ಕೆಲವು ಗುಂಪುಗಳು ರೇಷ್ಮೆ ಪರದೆಯಿಂದ ಇಂಥ ಗಾಜಿಗೆ ಬಣ್ಣ ಹಾಕುವುದನ್ನು ಓದಿದ್ದೆ. ಆದರೆ ಅದಕ್ಕೆ ಲಕ್ಷಗಟ್ಟಲೆ ಬೆಲೆಯ ಯಂತ್ರ ಬೇಕೆಂದು ನಂಬಿದ್ದೆ.

ಮರುವಾರ ಗಾಜು ಹೊತ್ತುಕೊಂಡು ಹೋದೆ. “ಮೇಷ್ಟ್ರೇ, ಬರೀ ಕಪ್ಪು ಚೌಕವೇ? ಒಂದು ಸ್ವಸ್ತಿಕವೂ ಬೇಡವೇ?” ಎಂದರು ಅಣ್ಣ. ಬೇಡವೆಂದಾಗ ಅವರಿಗೆ ಸ್ವಲ್ಪ ಬೇಸರವಾದಂತೆ ಕಂಡಿತು.

ಎಳೆಯುವುದನ್ನು ಅವರಿಗೆ ಬಿಟ್ಟೆ, ಶಾಯಿ ನನ್ನ ಪಾಲಿಗೆ ಉಳಿಯಿತು. ಅದರಲ್ಲಿ ಎಂಟು ತಿಂಗಳು ಹೋಯಿತು. ಟೈರಿನವರು ಬಳಸುವ ಕಾರ್ಬನ್ ಬ್ಲ್ಯಾಕ್ ನೋಡಲು ಸಾದಾ ಮಸಿ, ಒಂದೊಂದು ಕಣವೂ ಕೆಲವು ಹತ್ತು ನ್ಯಾನೋಮೀಟರ್. ಒಂಟಿಯಾಗಿ ಇರುವ ಜಾತಿಯಲ್ಲ, ದ್ರಾಕ್ಷಿಗೊಂಚಲಿನಂತೆ ಕಚ್ಚಿಕೊಂಡಿರುತ್ತದೆ. ಬಣ್ಣವನ್ನು ಹಿಡಿದಿಡುವ ಅರಗಿನಲ್ಲಿ ಇದರ ಪ್ರಮಾಣ ಒಂದು ಗೆರೆ ದಾಟುವವರೆಗೆ ಬಣ್ಣದಲ್ಲಿ ವಿದ್ಯುತ್ತು ಹರಿಯುವುದೇ ಇಲ್ಲ. ಗೊಂಚಲುಗಳು ಒಂದಕ್ಕೊಂದು ಕೈ ಹಿಡಿದೊಡನೆ ನಿರೋಧ ಸಾವಿರ ಪಟ್ಟು ಕುಸಿಯುತ್ತದೆ. ನಮಗೆ ಬೇಕಾದ ಒಂದು ಮೆಗಾ ಓಂ ಇರುವುದು ಸರಿಯಾಗಿ ಆ ಇಳಿಜಾರಿನ ಮೇಲೆ. ಅರ್ಧ ಗ್ರಾಂ ಹೆಚ್ಚಾದರೂ ಕೆಟ್ಟಿತು, ಕಡಿಮೆಯಾದರೂ ಕೆಟ್ಟಿತು. ಕೊನೆಗೆ ಗ್ರಾಫೈಟ್ ಪುಡಿಯನ್ನೂ ಸೇರಿಸಿ ಆ ಇಳಿಜಾರನ್ನು ಸ್ವಲ್ಪ ಸಪಾಟು ಮಾಡಿಕೊಂಡೆ. ಅಳತೆ ಎಷ್ಟೆಂದು ಕೇಳಬೇಡಿ. ಎಂಟು ತಿಂಗಳ ಸಂಬಳವಿಲ್ಲದ ದುಡಿಮೆ ಅದು, ಅಷ್ಟು ಸುಲಭಕ್ಕೆ ಕೊಡುವುದಿಲ್ಲ.

ಅರೆಯುವ ವಿಧಾನವನ್ನು ಮಾತ್ರ ಹೇಳುತ್ತೇನೆ. ಮಿಕ್ಸಿಯಲ್ಲಿ ಹಾಕಿದರೆ ಗಂಟು ಒಡೆಯುವುದಿಲ್ಲ, ಮೇಲಾಗಿ ದ್ರಾವಕದ ಆವಿಯ ಪಕ್ಕದಲ್ಲಿ ಕಿಡಿ ಹಾರಿಸುವ ಮೋಟರು. ಎರಡು ಸಲ ಮಾಡಿದ ಮೇಲೆ ಹೆದರಿ ಬಿಟ್ಟೆ. ಬಿಗಿಯಾದ ಮುಚ್ಚಳದ ಗಾಜಿನ ಬಾಟಲಿಯಲ್ಲಿ ಮಕ್ಕಳ ಆಟದ ಗೋಲಿ ಅರ್ಧ ತುಂಬಿಸಿ, ಶಾಯಿ ಹಾಕಿ, ನಿಧಾನವಾಗಿ ತಿರುಗುವ ಎರಡು ರೋಲರುಗಳ ಮೇಲೆ ಮಲಗಿಸಿದೆ. ಹದಿನೆಂಟು ಗಂಟೆ ಉರುಳಬೇಕು. ಹನ್ನೆರಡು ಸಾಲದು, ಇಪ್ಪತ್ತನಾಲ್ಕಾದರೆ ಗೊಂಚಲುಗಳೇ ಮುರಿದು ನಿರೋಧ ಮತ್ತೆ ಮೇಲೇರುತ್ತದೆ. ಮುಂಬಯಿಯ ಲ್ಯಾಮಿಂಗ್ಟನ್ ರೋಡಿನಲ್ಲಿ ಗೇರು ಮೋಟರಿಗೆ ಆರುನೂರು ಕೊಟ್ಟೆ, ಗೋಲಿಗಳಿಗೆ ನಲವತ್ತು ರೂಪಾಯಿ.

ನಡುವೆ ಒಂದು ಹುಚ್ಚು ಹತ್ತಿತು. ನಮ್ಮ ಅಮ್ಮ ಹರಳೆಣ್ಣೆಯ ದೀಪದ ಮೇಲೆ ಹಿತ್ತಾಳೆಯ ತಟ್ಟೆ ಕವುಚಿ ಕಾಡಿಗೆ ಹಿಡಿಯುತ್ತಿದ್ದರು. ಆ ಮಸಿಯೂ ಇಂಗಾಲದ ನ್ಯಾನೋಕಣವೇ ತಾನೇ? ಮೂರು ರಾತ್ರಿ ನಾಲ್ಕು ದೀಪ ಉರಿಸಿ ಎರಡು ಗ್ರಾಂ ಹಿಡಿದೆ. ಪರಿಚಯದವರೊಬ್ಬರು ಇಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಚಿತ್ರ ತೆಗೆದುಕೊಟ್ಟರು. ಮೂವತ್ತು ನಲವತ್ತು ನ್ಯಾನೋಮೀಟರಿನ ಮಣಿಗಳ ಸರ, ಕಣ್ಣಿಗೊತ್ತಿಕೊಳ್ಳುವಷ್ಟು ಚೆಂದ. ಗಾಜಿಗೆ ಬಳಿದರೆ ಮೀಟರಿನ ಮುಳ್ಳೇ ಅಲುಗಲಿಲ್ಲ, ಅಷ್ಟು ಎಣ್ಣೆಯ ಪಸೆ ಅದರಲ್ಲಿ. ಮುಚ್ಚಿದ ಮೂಸೆಯಲ್ಲಿಟ್ಟು ಆರುನೂರು ಡಿಗ್ರಿಗೆ ಕಾಯಿಸಿದ ಮೇಲೆ ಕೆಲವು ಹತ್ತು ಮೆಗಾ ಓಂಗೆ ಇಳಿಯಿತು. ಇನ್ನಷ್ಟು ಕಾಯಿಸಿದರೆ ಬರುತ್ತಿತ್ತೋ ಏನೋ, ಅಷ್ಟರಲ್ಲಿ ಮನೆಯ ಚಾವಣಿ ಕಪ್ಪಾಗಿ ಹೆಂಡತಿ ದೀಪಗಳನ್ನು ಎತ್ತಿಟ್ಟಳು.

ಅವಳ ಕೋಪಕ್ಕೆ ಇನ್ನೊಂದು ಕಾರಣವೂ ಇತ್ತು. ಕರಗಿದ ತವರದ ಮೇಲೆ ತೇಲಿಸಿ ಮಾಡುವ ಫ್ಲೋಟ್ ಗಾಜಿಗೆ ತವರದ ಬದಿ, ಗಾಳಿಯ ಬದಿ ಎಂದು ಎರಡಿರುತ್ತವೆ. ನಾನು ಬಣ್ಣ ಹಾಕುವುದು ತವರದ ಬದಿಗೆ. ನೋಟು ಪರೀಕ್ಷಿಸುವ ನೇರಳೆ ದೀಪದಲ್ಲಿ ಅದು ಸರಿಯಾಗಿ ಕಾಣುವುದಿಲ್ಲ, 254 ನ್ಯಾನೋಮೀಟರ್ ತರಂಗದ ಅತಿನೇರಳೆ ದೀಪ ಬೇಕು. ಅಡುಗೆಮನೆಯ ನೀರಿನ ಫಿಲ್ಟರಿನಲ್ಲಿದ್ದದ್ದು ಅಂಥದೇ ದೀಪ. ಬಿಚ್ಚಿದೆ. ಕತ್ತಲಲ್ಲಿ ತವರದ ಬದಿ ಹಾಲು ಚೆಲ್ಲಿದಂತೆ ಮಂಕಾಗಿ ಹೊಳೆಯಿತು. ಕಣ್ಣಿಗೆ ಕನ್ನಡಕ, ಕೈಗೆ ಗವಸು ಇಲ್ಲದೆ ಇದನ್ನು ಮಾಡಬೇಡಿ. ಫಿಲ್ಟರ್ ಮತ್ತೆ ಜೋಡಿಸಲು ಮೆಕ್ಯಾನಿಕ್ ನಾನೂರೈವತ್ತು ತೆಗೆದುಕೊಂಡ.

ಅನಿಲದ ವಿಷಯದಲ್ಲಿ ನಾವು ಅದೃಷ್ಟವಂತರು. ಆರ್-134ಎ ಕಾರಿನ ಎಸಿಯ ಅನಿಲ, ಐಸೋಬ್ಯೂಟೇನ್ ಎಂದರೆ ಈಗಿನ ಫ್ರಿಜ್‌ಗಳ ಆರ್-600ಎ. ಎರಡೂ ಫ್ರಿಜ್ ರಿಪೇರಿಯವನ ಅಂಗಡಿಯಲ್ಲೇ ಸಿಗುತ್ತವೆ. 95ಕ್ಕೆ 5ರಂತೆ, ಎಣ್ಣೆಯಲ್ಲಿ ಗುಳ್ಳೆ ಎಣಿಸಿ ಬೆರೆಸಿದೆ. ಎಸ್‌ಎಫ್6 (ಸಲ್ಫರ್ ಹೆಕ್ಸಾಫ್ಲೋರೈಡ್ ಅನಿಲ) ಹಾಕಲಿಲ್ಲ. ಹಾಕಿದ್ದರೆ ದೊಡ್ಡ ಕಿಡಿಗಳು ಇನ್ನೂ ಕಡಿಮೆಯಾಗುತ್ತಿದ್ದವು, ಆದರೆ ಅದರ ಬೆಲೆ ನಮಗೆ ದುಬಾರಿಯಾಗಿತ್ತು.

ಮುಂಬಯಿಯ ಜುಲೈ ಮಾತ್ರ ಯಾರ ಮಾತನ್ನೂ ಕೇಳುವುದಿಲ್ಲ. ಮೊದಲ ಒಳ್ಳೆಯ ಜೋಡಿ ಅಚ್ಚಾದದ್ದು ಮಳೆಗಾಲದಲ್ಲಿ. ಸೋರುವಿಕೆಯ ಕರೆಂಟು ನಾನೂರು ನ್ಯಾನೋ ಆಂಪಿಯರ್ ದಾಟಿ ಏರುತ್ತಲೇ ಹೋಯಿತು. ಬಣ್ಣದ್ದೇ ತಪ್ಪೆಂದು ಎರಡು ತಿಂಗಳು ಶಾಯಿ ಬದಲಿಸಿದೆ, ಹನ್ನೊಂದು ಗಾಜು ಹಾಳುಮಾಡಿದೆ. ಬಣ್ಣದ ತಪ್ಪೇ ಅಲ್ಲ, ಬರಿಗಾಜಿನ ಅಂಚಿನ ಮೇಲೆ ಕೂತ ತೇವದ ಪೊರೆ. ಅಂಚಿಗೆ ಈಗ ಏನು ಬಳಿಯುತ್ತೇನೆ ಎಂಬುದು ನಾನು ಹೇಳದೆ ಉಳಿಸಿಕೊಂಡ ಎರಡನೆಯ ಗುಟ್ಟು. ಬೇಕಾದವರು ಅಡುಗೆಮನೆಯಿಂದ ಹುಡುಕಲು ತೊಡಗಲಿ. ಅಚ್ಚಾದ ಗಾಜನ್ನು ಅರವತ್ತು ವ್ಯಾಟಿನ ಎರಡು ಬಲ್ಬುಗಳ ಪೆಟ್ಟಿಗೆಯಲ್ಲಿ ಎರಡು ದಿನ ಒಣಗಿಸಬೇಕು. ಸಂಜೆ ಮೂರು ಮೆಗಾ ಓಂ ಇದ್ದದ್ದು ಮೂರನೆಯ ಬೆಳಿಗ್ಗೆ ಒಂದಕ್ಕೆ ಬಂದು ನಿಲ್ಲುತ್ತದೆ.

ಕೊನೆಯ ಜೋಡಿಯಲ್ಲಿ ಅಂಚಿಗೂ ನಡುವಿಗೂ ಶೇಕಡಾ ಹದಿನೈದರೊಳಗೆ ವ್ಯತ್ಯಾಸ, ಕರೆಂಟು ನಲವತ್ತು ನ್ಯಾನೋ ಆಂಪಿಯರಿನ ಸುತ್ತ. ಎರವಲು ತಂದ, ಕಣ ಹಾದರೆ ಮಿನುಗುವ ಎರಡು ಸಿಂಟಿಲೇಟರುಗಳ ನಡುವೆ ಇಟ್ಟು ಗಂಟೆಗೆ ಏಳೆಂಟು ಸಾವಿರ ಮ್ಯೂಯಾನುಗಳನ್ನು ಎಣಿಸಿದೆವು. ಒಂಬತ್ತೂವರೆ ಕಿಲೋವೋಲ್ಟಿನಲ್ಲಿ ಶೇಕಡಾ 60, ಹತ್ತರಲ್ಲಿ 90, ಹತ್ತೂ ಮುಕ್ಕಾಲು ಕಿಲೋವೋಲ್ಟು ದಾಟಿಸುವ ಧೈರ್ಯ ಮಾಡಲಿಲ್ಲ. ನಾನು ಕೋಲಾರದ ಕಡೆಯವನು. ಅಲ್ಲಿನ ಚಿನ್ನದ ಗಣಿಯೊಳಗೆ 1965ರಲ್ಲಿ, ಎರಡು ಕಿಲೋಮೀಟರಿಗಿಂತಲೂ ಆಳದಲ್ಲಿ, ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೋ ಎಂಬ ಕಣಗಳ ಗುರುತು ಸಿಕ್ಕಿತ್ತು. ಅದಕ್ಕೂ ಮೊದಲು, 1950ರ ದಶಕದಲ್ಲಿಯೇ, ಭೌತವಿಜ್ಞಾನಿ ಬಿ. ವಿ. ಶ್ರೀಕಂಠನ್ ಇದೇ ಮುಂಬಯಿಯಿಂದ ಉಪಕರಣ ಹೊತ್ತು ಹೋಗಿ ಆ ಗಣಿಯಲ್ಲಿ ಮ್ಯೂಯಾನುಗಳನ್ನು ಎಣಿಸಿದ್ದರು. ನನ್ನದು ನಾಲ್ಕನೆಯ ಮಹಡಿಯ ಎಣಿಕೆ. ಆದರೂ ಕೌಂಟರಿನ ಕೆಂಪು ಅಂಕಿ ಓಡುತ್ತಿದ್ದ ಆ ರಾತ್ರಿ ಊರಿನ ನೆನಪು ಬಂದದ್ದು ನಿಜ.

ಒಟ್ಟು ಖರ್ಚು, ಹಾಳಾದ ಗಾಜೂ ಸೇರಿ, ಐವತ್ತು ಸಾವಿರದ ಹತ್ತಿರ. ಕಾಲೇಜು ಕೊಟ್ಟದ್ದು ಹದಿನೈದು. ಈಗಿನ ಶಾಯಿಯಲ್ಲಿ ಒಂದು ಜೋಡಿ ಗಾಜಿಗೆ ಬಣ್ಣ ಹಾಕಲು ಅಣ್ಣನ ಕೂಲಿಯೂ ಸೇರಿ ಮುನ್ನೂರು ರೂಪಾಯಿ ಆಗುತ್ತದೆ. ಒಂದು ಮೀಟರಿನ ಗಾಜನ್ನು ಆಗಲೇ ಕೊಯ್ಯಿಸಿ ತಂದಿಟ್ಟಿದ್ದೇನೆ. ಅಚ್ಚಿನ ಜಾಲರಿಯ ದೊಡ್ಡ ಚೌಕಟ್ಟು ಅಣ್ಣನ ಬಳಿ ಇರುವುದು ಒಂದೇ, ಲಗ್ನದ ಹಂಗಾಮು ಮುಗಿಯುವವರೆಗೆ ಅದನ್ನು ಕೇಳಬೇಡಿ ಎಂದಿದ್ದಾರೆ.