ದೆಹಲಿಯ ಬಿಎ, ಬೆಳಗಾವಿಯ ಎಲ್‌ಎಲ್‌ಬಿ

ದೊಡ್ಡ ಹೆಸರಿನ ಕಾಲೇಜಿನಲ್ಲಿ ಡಿಗ್ರಿ ಮುಗಿಸಿದವರು ನನ್ನ ಆಫೀಸಿಗೆ ಬಂದಾಗ ಕೇಳುವ ಪ್ರಶ್ನೆ ಒಂದೇ: ‘ಮೇಡಂ, ಲಾ ಕೂಡ ಅಂಥದ್ದೇ ಕಾಲೇಜಿನಲ್ಲಿ ಮಾಡ್ಬೇಕಾ?’ ಮೊದಲು ಯಾವ ಊರಲ್ಲಿ, ಯಾವ ಥರದ ಕೆಲಸ ಮಾಡ್ತೀರಿ ಅಂತ ಗಟ್ಟಿ ಮಾಡಿಕೊಳ್ಳಿ ಎನ್ನುತ್ತೇನೆ. ನಾನು ಮಾಡಿದ್ದೂ ಅದನ್ನೇ.

ನನ್ನ ಬಿಎ ದೆಹಲಿಯ ಸೇಂಟ್ ಸ್ಟೀಫನ್ಸ್‌ನಲ್ಲಿ ಆಯಿತು. ಅಲ್ಲಿಂದ ಗೆಳೆಯರು ದೆಹಲಿ ವಿಶ್ವವಿದ್ಯಾಲಯದ ಕ್ಯಾಂಪಸ್ ಲಾ ಸೆಂಟರ್‌ಗೆ ಹೋದರು. ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲ್‌ನಲ್ಲಿ ಮೂರು ವರ್ಷದ ಎಲ್‌ಎಲ್‌ಬಿ ಶುರುವಾಗಿದ್ದು 2022ರಲ್ಲಿ, ನನ್ನ ಕಾಲಕ್ಕೆ ಅದು ಇರಲಿಲ್ಲ. ನಾನು ಬೆಳಗಾವಿಗೆ ವಾಪಸ್ ಬಂದು ರಾಜಾ ಲಖಮಗೌಡ ಕಾನೂನು ಕಾಲೇಜು ಸೇರಿದೆ. 1939ರಲ್ಲಿ ಶುರುವಾದ ಕಾಲೇಜು ಅದು. 1989ರಲ್ಲಿ ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾದ ಇ.ಎಸ್. ವೆಂಕಟರಾಮಯ್ಯ ಅವರೂ ಅಲ್ಲಿ ಓದಿದವರು. ಆದರೆ ನಾನು ಸೇರಿದ ಕಾರಣ ಬೇರೆ. ನನಗೆ ಇಲ್ಲಿನ ಸಿವಿಲ್ ಕೋರ್ಟಿನಲ್ಲೇ ಪ್ರಾಕ್ಟೀಸ್ ಮಾಡಬೇಕಿತ್ತು. ಕ್ಲಾಸ್ ಮುಗಿಸಿ ಸಂಜೆ ಸೀನಿಯರ್ ಆಫೀಸಿನಲ್ಲಿ ಕೂತು ಕೆಲಸ ಕಲಿಯುವ ಅವಕಾಶ ಈ ಊರಲ್ಲಿ ಮಾತ್ರ ಸಿಗುತ್ತಿತ್ತು.

ಆ ಆಫೀಸಿನಲ್ಲಿ ಯಾರೂ ನನ್ನ ಡಿಗ್ರಿ ಕೇಳಲಿಲ್ಲ. ‘ಉತಾರ ಓದಾಕ ಬರತೈತೇನವಾ?’ ಅಂತ ಕೇಳಿದರು. ಉತಾರ (ಹೊಲದ ಪಹಣಿ), ಫೇರಫಾರ (ಹಕ್ಕು ಬದಲಾವಣೆಯ ದಾಖಲೆ), ವಾಟ್ನಿ ಪತ್ರ (ಪಾಲುಪತ್ರ), ಇವೇ ನಮ್ಮ ಕೋರ್ಟಿನ ಅನ್ನ. ಬೊಂಬಾಯಿ ಸರಕಾರದ ಕಾಲದ ಕಾಗದ ಬಂದರೆ ಮರಾಠಿಯಲ್ಲಿರುತ್ತದೆ, ಕೆಲವು ಮರಾಠಿಯ ಹಳೆಯ ಮೋಡಿ ಲಿಪಿಯಲ್ಲಿ. ಇದನ್ನು ದೆಹಲಿಯಲ್ಲಿ ಯಾರು ಕಲಿಸುತ್ತಾರೆ, ಹೇಳಿ?

ಹೆಣ್ಣುಮಕ್ಕಳ ಪಾಲಿನ ದಾವೆಯನ್ನೇ ತೆಗೆದುಕೊಳ್ಳಿ. 2005ರಲ್ಲಿ ಹಿಂದೂ ಉತ್ತರಾಧಿಕಾರ ಕಾಯ್ದೆಯ 6ನೇ ಕಲಂ ತಿದ್ದುಪಡಿಯಾಗಿ, ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು ಕೊಟ್ಟಿತು. ಆ ಹೊತ್ತಿಗೆ ತಂದೆ ತೀರಿಕೊಂಡಿದ್ದರೂ ಮಗಳಿಗೆ ಹುಟ್ಟಿನಿಂದಲೇ ಪಾಲಿದೆ ಎಂದು 2020ರಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಬಾಯಿಮಾತಿನ ವಾಟ್ನಿಯನ್ನು ಸುಲಭವಾಗಿ ಒಪ್ಪಬಾರದು, ಸರಕಾರಿ ದಾಖಲೆಯ ಬಲ ಬೇಕು ಎಂದೂ ಹೇಳಿತು. ಈ ತೀರ್ಪನ್ನು ಯಾವ ಕಾಲೇಜಿನವರೂ ಓದಬಹುದು. ಆದರೆ ನಮ್ಮ ಕಡೆ ಅಣ್ಣತಮ್ಮಂದಿರು ಎಂದೋ ಕಂದಾಯ ಕಚೇರಿಗೆ ವರ್ದಿ, ಅಂದರೆ ಪಾಲಾಗಿದೆ ಎಂಬ ಹೇಳಿಕೆ, ಕೊಟ್ಟು ಫೇರಫಾರ ಮಾಡಿಸಿ, ‘ವಾಟ್ನಿ ಆಗಿಹೋಗೈತಿ’ ಎನ್ನುತ್ತಾರೆ. ಆ ವರ್ದಿಗೆ ಯಾರ ಸಹಿ ಇದೆ? ನೋಟಿಸ್ ಯಾರಿಗೆ ಹೋಯಿತು? ಹೊಲ ನಿಜಕ್ಕೂ ಬೇರೆ ಬೇರೆ ಆಯಿತಾ, ಇಲ್ಲ ಬರೀ ಕಾಗದದ ಮೇಲಾ? ಕೇಸು ಗೆಲ್ಲುವುದು, ಸೋಲುವುದು ಇಲ್ಲಿ. ಬೈಲಹೊಂಗಲ ಕಡೆಯ ಒಬ್ಬ ತಾಯಿ ಬಂದು ‘ಅಕ್ಕಾರ, ನನ್ನ ಹೆಸರ ಉತಾರದಾಗ ಬರತೈತೇನ್ರಿ?’ ಎಂದಾಗ ನಾನು ಮೊದಲು ಬಿಚ್ಚಿದ್ದು ಫೇರಫಾರದ ನಕಲು, ತೀರ್ಪನ್ನಲ್ಲ.

ಹಾಗಂತ ದೆಹಲಿಯ ಓದು ದಂಡವಾಗಲಿಲ್ಲ. ಉದ್ದನೆಯ ತೀರ್ಪನ್ನು ಬೇಗ ಓದಿ ತಿರುಳು ತೆಗೆಯುವುದು, ಅಪೀಲಿನ ಇಂಗ್ಲಿಷ್ ಬಿಗಿಯಾಗಿ ಬರೆಯುವುದು ಅಲ್ಲಿಯೇ ಕಲಿತದ್ದು. 2008ರಲ್ಲಿ ಧಾರವಾಡಕ್ಕೆ ಹೈಕೋರ್ಟ್ ಪೀಠ ಬಂತು, 2013ರಲ್ಲಿ ಅದು ಕಾಯಂ ಆಯಿತು. ಬೆಳಿಗ್ಗೆ ಹೋಗಿ ಅಪೀಲು ನಡೆಸಿ ಸಂಜೆ ಮನೆಗೆ ಬರಬಹುದು. ಹಾಗಾಗಿ ಆ ಇಂಗ್ಲಿಷು ನನಗೆ ಇಂದಿಗೂ ದುಡಿಯುತ್ತಿದೆ.

ಇನ್ನೊಂದು ಮಾತು, ಸುಮ್ನೆ ಸಮಾಧಾನಕ್ಕೆ ಹೇಳುತ್ತಿಲ್ಲ. ಮುಂಬೈ, ದೆಹಲಿಯ ದೊಡ್ಡ ಲಾ ಫರ್ಮ್ ನಿಮ್ಮ ಗುರಿಯಾಗಿದ್ದರೆ ಕಾಲೇಜಿನ ಹೆಸರಿಗೆ ಬೆಲೆ ಜಾಸ್ತಿ. ಅವರು ಕೆಲವೇ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳ ಕ್ಯಾಂಪಸ್‌ಗೆ ಬಂದು ಹುಡುಗರನ್ನು ಆರಿಸಿಕೊಳ್ಳುತ್ತಾರೆ. ಬಿಎ ಎಷ್ಟೇ ದೊಡ್ಡ ಕಾಲೇಜಿನದಾದರೂ ಅದೊಂದರಿಂದಲೇ ಅಲ್ಲಿ ಕೆಲಸ ಸಿಗುವುದಿಲ್ಲ. ಅಂಥವರು ಬೆಳಗಾವಿಯಲ್ಲಿ ಓದುವುದು ಬೇಡ ಎಂದು ನಾನೇ ಹೇಳುತ್ತೇನೆ.

ಜಡ್ಜ್ ಆಗಬೇಕು ಎನ್ನುವವರ ಲೆಕ್ಕ ಬೇರೆ. ನಮ್ಮ ರಾಜ್ಯದ ಸಿವಿಲ್ ಜಡ್ಜ್ ಪರೀಕ್ಷೆಯಲ್ಲಿ ಕನ್ನಡ-ಇಂಗ್ಲಿಷ್ ಅನುವಾದಕ್ಕೇ ಒಂದು ಪತ್ರಿಕೆ ಇದೆ. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಮೂರು ವರ್ಷದ ವಕೀಲಿಯನ್ನೂ ಕಡ್ಡಾಯ ಮಾಡಿತು. ಯಾವ ಕಾಲೇಜಿನಿಂದ ಬಂದರೂ ಮೊದಲು ಕೋರ್ಟಿನಲ್ಲಿ ನಿಲ್ಲಲೇಬೇಕು, ಅಲ್ವಾ?

ಇಲ್ಲೇ ಇರುವವರು ಕಾಲೇಜಿನ ಅರ್ಜಿ ತುಂಬುವ ಮುಂಚೆ ಕೋರ್ಟಿಗೆ ಬಂದು ಕೂತು ನೋಡಿ. ಯಾರ ಪಾಟಿ ಸವಾಲು ಕೇಳಿ ನಿಮಗೆ ಕಲಿಯಬೇಕು ಅನಿಸುತ್ತದೋ, ಅವರ ಆಫೀಸಿಗೆ ಹೋಗಿ ಜೂನಿಯರ್ ಆಗಿ ಸೇರಿಸಿಕೊಳ್ಳುತ್ತೀರಾ ಅಂತ ಕೇಳಿ.