ಖಾಲಿ ಬಾಟಲಿಗೆ ಹತ್ತು ರೂಪಾಯಿ: ನಿಮ್ಮೂರಲ್ಲಿ ಠೇವಣಿ ಪದ್ಧತಿ ಶುರು ಮಾಡುವುದು ಹೇಗೆ?

ಸೋಡಾ ಬಾಟಲಿಯನ್ನು ಅಂಗಡಿಗೆ ವಾಪಸ್ ಕೊಟ್ಟು ಬರುವ ಕೆಲಸ ಚಿಕ್ಕಂದಿನಲ್ಲಿ ನನ್ನದಾಗಿತ್ತು. ಬಾಟಲಿ ಕೊಟ್ಟರೆ ಮಾತ್ರ ಅಂಗಡಿಯವರು ಇಟ್ಟುಕೊಂಡಿದ್ದ ದುಡ್ಡು ಕೈಗೆ ಬರುತ್ತಿತ್ತು. ನಮ್ಮ ಬೀದಿಯ ಮೋರಿಯಲ್ಲಿ ಸೋಡಾ ಬಾಟಲಿ ಬಿದ್ದದ್ದು ನನಗೆ ನೆನಪಿಲ್ಲ. ಈಗ ಯಾವ ಬೆಟ್ಟ ಹತ್ತಿದರೂ, ಯಾವ ಹೊಳೆ ದಡಕ್ಕೆ ಹೋದರೂ ಬಾಟಲಿ ರಾಶಿ. ಆಗಿನ ಖಾಲಿ ಬಾಟಲಿಗೆ ಬೆಲೆ ಇತ್ತು, ಈಗಿನದಕ್ಕೆ ಇಲ್ಲ. ಆ ಬೆಲೆಯನ್ನು ಮತ್ತೆ ಕಟ್ಟಬಹುದು.

ಗುಂಡ್ಲುಪೇಟೆ, ಬಂಡೀಪುರ ದಾಟಿದರೆ ಸಿಗುವ ನೀಲಗಿರಿ ಜಿಲ್ಲೆಯಲ್ಲಿ ಇದು ಕಣ್ಣೆದುರೇ ನಡೆದಿದೆ. ಕಾಡಂಚಿನಲ್ಲಿ ಎಸೆದ ಮದ್ಯದ ಬಾಟಲಿಗಳ ಚೂರು ಆನೆಗಳ ಕಾಲಿಗೆ ಅಪಾಯವಾಗಿತ್ತು. ವಿಷಯ ಮದ್ರಾಸ್ ಹೈಕೋರ್ಟ್‌ವರೆಗೆ ಹೋಯಿತು. 2022ರ ಮೇ ತಿಂಗಳಿಂದ ಅಲ್ಲಿನ ಸರ್ಕಾರಿ ಮದ್ಯದಂಗಡಿಗಳು (ಟಾಸ್ಮಾಕ್) ಪ್ರತಿ ಬಾಟಲಿಗೆ 10 ರೂಪಾಯಿ ಜಾಸ್ತಿ ತೆಗೆದುಕೊಂಡು, ಖಾಲಿ ಬಾಟಲಿ ತಂದಾಗ ಅದನ್ನು ಮರಳಿಸತೊಡಗಿದವು. ಬಹುಪಾಲು ಬಾಟಲಿಗಳು ವಾಪಸ್ ಬಂದವು. ಆಮೇಲೆ ತಮಿಳುನಾಡಿನ ಬೇರೆ ಜಿಲ್ಲೆಗಳಿಗೂ ಈ ಪದ್ಧತಿ ಹೋಯಿತು.

ನಿಮ್ಮ ಪಂಚಾಯಿತಿ ಅಥವಾ ಜಾತ್ರಾ ಸಮಿತಿ ಇದನ್ನು ಮಾಡಬೇಕೆಂದಿದ್ದರೆ ಹೀಗೆ ಶುರು ಮಾಡಿ.

ಗಡಿ ಹಾಕಿಕೊಳ್ಳಿ. ಇಡೀ ತಾಲ್ಲೂಕಿಗೆ ಕೈ ಹಾಕಬೇಡಿ. ಒಂದೇ ದಾರಿ ಇರುವ ಬೆಟ್ಟ, ಜಲಪಾತ, ಜಾತ್ರೆ ಮೈದಾನ ಸಾಕು. ಒಳಗಿನ ಅಂಗಡಿಗಳನ್ನು ಎಣಿಸಿ, ಎಲ್ಲರನ್ನೂ ಸಭೆಗೆ ಕರೆಯಿರಿ. ಒಬ್ಬ ಅಂಗಡಿಯವರು ಹೊರಗುಳಿದರೂ ಠೇವಣಿ ಇಲ್ಲದ ಬಾಟಲಿ ಅವರಲ್ಲೇ ಜಾಸ್ತಿ ಮಾರಾಟವಾಗುತ್ತದೆ, ಉಳಿದವರು ಸಿಟ್ಟಾಗುತ್ತಾರೆ. ಪಂಚಾಯಿತಿಯಲ್ಲಿ ನಿರ್ಣಯ ಮಾಡಿಸಿ, ಮೇಲಿನ ಅಧಿಕಾರಿಗಳ ಒಪ್ಪಿಗೆ ಪಡೆಯಿರಿ.

ಮೊತ್ತ ನಿಗದಿ ಮಾಡಿ. ಅರ್ಧ ಯೋಜನೆ ನಿಂತಿರುವುದು ಇದರ ಮೇಲೆ. ಅಮೆರಿಕದ ಒರೆಗಾನ್ ರಾಜ್ಯ 1971ರಲ್ಲೇ ಬಾಟಲಿ ಕಾನೂನು ತಂದಿತು. ಠೇವಣಿ 5 ಸೆಂಟ್. ದಶಕಗಳು ಕಳೆದರೂ ಅದು ಅಷ್ಟೇ ಉಳಿಯಿತು. ಬೆಲೆಗಳೆಲ್ಲ ಏರಿದ ಮೇಲೆ 5 ಸೆಂಟ್‌ಗೋಸ್ಕರ ಬಾಟಲಿ ಹೊತ್ತು ಹೋಗುವವರು ಕಡಿಮೆಯಾದರು. 2015ರಲ್ಲಿ ವಾಪಸ್ ಬಂದದ್ದು ಶೇ 64ರಷ್ಟು ಮಾತ್ರ. 2017ರ ಏಪ್ರಿಲ್‌ನಲ್ಲಿ ಠೇವಣಿ 10 ಸೆಂಟ್ ಆಯಿತು. 2019ರ ಹೊತ್ತಿಗೆ ಮರಳಿ ಬರುವ ಪ್ರಮಾಣ ಶೇ 80 ದಾಟಿತ್ತು. ಅದೇ ಜನ, ದುಪ್ಪಟ್ಟು ಠೇವಣಿ. ಇನ್ನೊಂದು ಜಾಣತನವೂ ಅಲ್ಲಿದೆ: ಎರಡು ವರ್ಷ ಸತತವಾಗಿ ಶೇ 80ಕ್ಕಿಂತ ಕಡಿಮೆ ಬಂದರೆ ಮೊತ್ತ ತಾನಾಗಿ ಏರಬೇಕೆಂದು ಕಾನೂನಿನಲ್ಲೇ ಬರೆದಿಟ್ಟಿದ್ದರು. ನೀವೂ ಅಂಥದ್ದೊಂದು ಸಾಲು ನಿರ್ಣಯದಲ್ಲಿ ಸೇರಿಸಿಕೊಳ್ಳಿ. ನನ್ನ ಪ್ರಕಾರ 10 ರೂಪಾಯಿಗಿಂತ ಕಡಿಮೆ ಇಡುವುದು ಸುಮ್ನೆ ಶ್ರಮ.

ಗುರುತು ಹಾಕಿ. ಬಾಟಲಿ ಮೇಲೆ ಕಿತ್ತರೆ ಹರಿದುಹೋಗುವ ಸ್ಟಿಕ್ಕರ್ ಅಂಟಿಸಿ, ನಂಬರ್ ಇರಲಿ. ಸಲೀಸಾಗಿ ಕಿತ್ತು ಬರುವ ಸ್ಟಿಕ್ಕರ್ ಆದರೆ ಒಂದೇ ಸ್ಟಿಕ್ಕರ್ ಹತ್ತು ಬಾಟಲಿಗೆ ಅಂಟಿ ಹತ್ತು ಸಲ ದುಡ್ಡು ತರುತ್ತದೆ. ಮನೆಯಿಂದ ನೀರಿನ ಬಾಟಲಿ ತಂದವರಿಗೂ ಗೇಟಿನಲ್ಲೇ ಅಂಟಿಸಿ, ಠೇವಣಿ ಪಡೆಯಿರಿ. ಮೃಗಾಲಯಗಳ ಬಾಗಿಲಲ್ಲಿ ಇದನ್ನು ನೋಡಿರುತ್ತೀರಿ, ಅಲ್ವಾ? ಅಂಗಡಿಯವರಿಗೆ ಒಂದು ಮಾತು: ಠೇವಣಿಯನ್ನು ಬಿಲ್ಲಿನಲ್ಲಿ ಬೇರೆ ಸಾಲಿನಲ್ಲಿ ತೋರಿಸಿ. ಇಲ್ಲದಿದ್ದರೆ ಎಂಆರ್‌ಪಿಗಿಂತ ಜಾಸ್ತಿ ತೆಗೆದುಕೊಂಡರು ಎಂಬ ಜಗಳ ತಪ್ಪಿದ್ದಲ್ಲ.

ವಾಪಸ್ ಕೊಡುವುದನ್ನು ಸುಲಭ ಮಾಡಿ. ಹಿಂದೊಮ್ಮೆ ಒಂದು ತಾಣದಲ್ಲಿ ನಾನೂ ಠೇವಣಿ ಕೊಟ್ಟಿದ್ದೆ. ವಾಪಸ್ ಬರುವಾಗ ಕೌಂಟರ್ ಮುಚ್ಚಿತ್ತು. ಪಕ್ಕದಲ್ಲಿ ನಿಂತಿದ್ದ ಅಜ್ಜಿ ತಮ್ಮ ಕೈಚೀಲದಲ್ಲಿ ಮೂರು ಬಾಟಲಿ ಹಿಡಿದುಕೊಂಡು, 'ಇದನ್ನ ಇನ್ನೆಲ್ಲಿ ಕೊಡೋದು ಮಗಾ?' ಅಂದರು. ನನ್ನಲ್ಲಿ ಉತ್ತರ ಇರಲಿಲ್ಲ. ಅಂಥ ಒಂದು ಸಂಜೆ ಸಾಕು, ಜನ ಇನ್ನೊಮ್ಮೆ ನಂಬುವುದಿಲ್ಲ. ಕೊನೆಯ ಬಸ್ ಹೊರಡುವ ತನಕ ಕೌಂಟರ್ ತೆರೆದಿರಲಿ. ಬಸ್ ನಿಲ್ದಾಣದಲ್ಲೂ ಪಾರ್ಕಿಂಗ್‌ನಲ್ಲೂ ಒಂದೊಂದು ಇರಲಿ. ಹತ್ತು ರೂಪಾಯಿ ನೋಟು, ನಾಣ್ಯ ಬೆಳಿಗ್ಗೆಯೇ ತಂದಿಟ್ಟುಕೊಳ್ಳಿ. ಚಿಲ್ಲರೆ ಇಲ್ಲ ಎಂದು ಚಾಕಲೇಟ್ ಕೊಡುವುದು ಬೇಡ. ಫೋನಿಗೆ ದುಡ್ಡು ಹಾಕುವ ವ್ಯವಸ್ಥೆಯೂ ಇರಲಿ. ಕೌಂಟರ್ ಕೆಲಸವನ್ನು ಊರಿನ ಸ್ವಸಹಾಯ ಸಂಘಕ್ಕೆ ಕೂಲಿ ಕೊಟ್ಟು ವಹಿಸಿ.

ಬಾಟಲಿ ಯಾರು ತಂದರೂ ದುಡ್ಡು ಕೊಡಿ, ಕೊಂಡವರೇ ತರಬೇಕೆಂದಿಲ್ಲ. ಜರ್ಮನಿಯಲ್ಲಿ 2003ರಿಂದ ಒಮ್ಮೆ ಬಳಸುವ ಬಾಟಲಿ, ಕ್ಯಾನ್‌ಗಳಿಗೆ ಠೇವಣಿ ಇದೆ, ಈಗ 25 ಸೆಂಟ್. ಅಲ್ಲಿ ಎಷ್ಟೋ ಜನ ಖಾಲಿ ಬಾಟಲಿಯನ್ನು ಕಸದ ಡಬ್ಬಿಯೊಳಗೆ ಹಾಕದೆ ಪಕ್ಕದಲ್ಲಿ ಇಡುತ್ತಾರೆ. ಆಯ್ದು ಬದುಕುವವರು ಕಸಕ್ಕೆ ಕೈ ಹಾಕುವುದು ತಪ್ಪಲಿ ಅಂತ. ನಮ್ಮಲ್ಲಿ ಚಿಂದಿ ಆಯುವವರಿಗೂ ಇದೇ ಗೌರವ ಸಿಗಬೇಕು.

ಉಳಿದ ದುಡ್ಡಿಗೆ ಲೆಕ್ಕ ಇಡಿ. ಕೆಲವರು ವಾಪಸ್ ಪಡೆಯುವುದೇ ಇಲ್ಲ. ಆ ದುಡ್ಡು ಅಂಗಡಿಯವರ ಗಲ್ಲಾದಲ್ಲೇ ಉಳಿದರೆ, ಬಾಟಲಿ ವಾಪಸ್ ಬರದಿರುವುದೇ ಅವರಿಗೆ ಲಾಭವಾಗುತ್ತದೆ. ಅಮೆರಿಕದ ಮಿಷಿಗನ್‌ನಲ್ಲಿ ಹೀಗೆ ಉಳಿದದ್ದರಲ್ಲಿ ಶೇ 75 ಪರಿಸರ ಕೆಲಸಗಳಿಗೆ, ಶೇ 25 ಅಂಗಡಿಗಳಿಗೆ ಹೋಗುತ್ತದೆ. ನೀವು ಬೇರೆ ಬ್ಯಾಂಕ್ ಖಾತೆ ತೆರೆಯಿರಿ. ಮಾರಿದ ಬಾಟಲಿ, ಬಂದ ಬಾಟಲಿ, ಉಳಿದ ದುಡ್ಡು ಇಷ್ಟನ್ನು ವಾರಕ್ಕೊಮ್ಮೆ ಪಂಚಾಯಿತಿ ಕಚೇರಿಯ ಬೋರ್ಡಿನಲ್ಲಿ ಬರೆಯಿರಿ. ಬಂದ ಬಾಟಲಿ ಎಲ್ಲಿಗೆ ಹೋಗುತ್ತದೆ ಎಂದು ಗುಜರಿ ವ್ಯಾಪಾರಿಯ ಜೊತೆ ಮೊದಲೇ ಮಾತಾಡಿಕೊಂಡಿರಿ.

ಮೊದಲ ವಾರ ಮುಗಿದ ಮೇಲೆ ಒಂದು ಬೆಳಿಗ್ಗೆ ದಾರಿಯುದ್ದಕ್ಕೂ ನಡೆದು ನೋಡಿ. ಸ್ಟಿಕ್ಕರ್ ಇರುವ ಬಾಟಲಿಗಳು ಎಲ್ಲಿ ಜಾಸ್ತಿ ಬಿದ್ದಿವೆಯೋ, ಮುಂದಿನ ಕೌಂಟರ್ ಅಲ್ಲಿ ಹಾಕಿ.