ಡಯಲ್ ತಿರುಗಿಸೋ ಮೊದ್ಲು ಕೆಳಗೆ ನೋಡಿ: ಲಾಂಗ್‌ಆರ್ಮ್ ಮಷಿನ್ನಲ್ಲಿ ದಾರದ ಟೆನ್ಶನ್ ಸರಿ ಮಾಡೋದು ಹೇಗೆ

ಹೋದ ಮಳೆಗಾಲದಲ್ಲಿ ಕುಮಟಾದಿಂದ ಒಬ್ರು ತಮ್ಮ ತಾಯಿಯ ಹಳೇ ಹತ್ತಿ ಸೀರೆಗಳ್ನ ತಂದುಕೊಟ್ಟು, ಮಗಳ ಮದುವೆಗೆ ಒಂದು ದೊಡ್ಡ ಕೌದಿ ಮಾಡ್ಕೊಡಿ ಅಂದಿದ್ರು. ಶಿರಸಿಯಲ್ಲಿ ಆಗ ಒಂದು ವಾರದಿಂದ ಹನಿ ಕಡಿದಿರ್ಲಿಲ್ಲ. ಕೌದಿನ ಫ್ರೇಮಿಗೆ ಕಟ್ಟಿ ಹೊಲಿಯೋ ಉದ್ದ ತೋಳಿನ ದೊಡ್ಡ ಮಷಿನ್ನು, ಲಾಂಗ್‌ಆರ್ಮ್ ಅಂತಾರಲ್ಲ, ಅದ್ರಲ್ಲಿ ಹೊಲೀತಿದ್ದೆ. ಮೇಲಿಂದ ನೋಡಿದ್ರೆ ಹೊಲಿಗೆ ಚೆಂದವೇ ಇತ್ತು, ಮೂರನೇ ಸಾಲು ಮುಗಿಸಿ ಫ್ರೇಮಿನ ಅಡಿಗೆ ಕೈ ಆಡಿಸಿದಾಗ ಬೆರಳಿಗೆಲ್ಲ ದಾರದ ಕುಣಿಕೆ ಸಿಕ್ಕಿತು. ಮೂರೂ ಸಾಲು ಬಿಚ್ಚೋಕೆ ಒಂದು ಇಡೀ ಮಧ್ಯಾಹ್ನ ಬೇಕಾಯ್ತು, ಹಳೇ ಸೀರೆ ನೋಡಿ, ಸ್ವಲ್ಪ ಜೋರಾಗಿ ಎಳೆದ್ರೂ ದಾರದ ಜೊತೆ ಬಟ್ಟೆನೂ ಹರಿದು ಬರ್ತದೆ. ಕೊನೆಗೆ ಕಾರಣ ಸಿಕ್ಕಿದ್ದು ಬಾಬಿನ್ ಕೇಸಿನ (ಕೆಳಗಿನ ದಾರದ ಉರುಳೆ ಕೂರೋ ಸಣ್ಣ ಡಬ್ಬಿ) ಪಟ್ಟಿ ಅಡಿಯಲ್ಲಿ ಕೂತಿದ್ದ ರವೆ ಕಾಳಿನಷ್ಟು ಹತ್ತಿ ಕಸದಲ್ಲಿ.

ನಮ್ಮ ಜಿಲ್ಲೆಗೆ ಕೌದಿ ಹೊಸದೇನಲ್ಲ. ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆ ಸಿದ್ದಿ ಹೆಂಗಸರು ಅಂಚಿಂದ ಶುರು ಮಾಡಿ ನಡುವಿನ ತನಕ ಕೈಯಲ್ಲೇ ಹೊಲೀತಾರೆ, ನಾಲ್ಕು ಮೂಲೆಗೆ ಮಡಚಿದ ಬಟ್ಟೆ ತುಂಡಿನ ಫುಲ ಕೂರಿಸ್ತಾರೆ. ಅಲ್ಲಿ ದಾರ ಒಂದೇ, ಎಷ್ಟು ಎಳೀಬೇಕು ಅಂತ ಬೆರಳಿಗೇ ಗೊತ್ತಾಗ್ತದೆ. ಮಷಿನ್ನಲ್ಲಿ ಎರಡು ದಾರ, ಮೇಲಿಂದು ದಾರದ ಕೋನಿಂದ ಬರ್ತದೆ, ಕೆಳಗಿಂದು ಬಾಬಿನ್ನಿಂದ, ಎರಡೂ ಹಗ್ಗ ಜಗ್ಗಿದ ಹಾಗೆ ಜಗ್ತಾ ಇರ್ತವೆ, ಅವುಗಳ ಗಂಟು ಒಳಗಿನ ಹತ್ತಿ ಪದರದ ನಡುವೆ ಅಡಗಿ ಕೂತ್ರೆ ಟೆನ್ಶನ್ ಸರಿ ಇದೆ ಅಂತ. ಅದೂ ಅಲ್ದೆ ಲಾಂಗ್‌ಆರ್ಮ್‌ನಲ್ಲಿ ಬಟ್ಟೆ ಫ್ರೇಮ್ ಮೇಲೆ ನಿಂತಿರ್ತದೆ, ಓಡಾಡೋದು ಮಷಿನ್ನು, ಹಾಗಾಗಿ ಮಾಮೂಲಿ ಟೈಲರ್ ಮಷಿನ್ನಿಗಿಂತ ಇಲ್ಲಿ ದಾರ ತಕರಾರು ಮಾಡೋದು ಜಾಸ್ತಿ.

ಮೊದ್ಲು ತಪ್ಪು ಯಾವ ಕಡೆ ಅಂತ ಗೊತ್ತಾಗ್ಬೇಕು. ಕೆಳಗಿನ ಬಟ್ಟೆನ ನಾಲ್ಕೂ ಕಡೆ ನಾಲ್ಕು ಇಂಚು ಜಾಸ್ತಿ ಬಿಟ್ಟಿರ್ತೇವಲ್ಲ, ಆ ಅಂಚಲ್ಲಿ ಒಂದು ಹತ್ತಿ ತುಂಡಿಟ್ಟು, ಅದ್ರ ಮೇಲೊಂದು ಚಿಂದಿ ಬಟ್ಟೆ ಹಾಕಿ, ಮೇಲೆ ಕೆಂಪು ದಾರ ಕೆಳಗೆ ಬಿಳಿ ದಾರ ಹಾಕಿ ಹೊಲಿದು ನೋಡಿ. ನೇರ ಗೆರೆ ಸಾಲದು, ಸುರುಳಿ ಬೇಕು, ಎಡಕ್ಕೂ ಬಲಕ್ಕೂ ಹೋಗ್ಬೇಕು. ಮೇಲ್ಗಡೆ ಬಿಳಿ ಚುಕ್ಕೆ ಕಂಡ್ರೆ ಮೇಲಿನ ದಾರ ಬಿಗಿ ಅಥ್ವಾ ಬಾಬಿನ್ ಸಡಿಲ. ಕೆಳಗಡೆ ಕೆಂಪು ಚುಕ್ಕೆ ಕಂಡ್ರೆ, ಇಲ್ಲಾ ಕೆಳಗಿನ ದಾರ ಹೊಲಿಗೆನೇ ಆಗ್ದೆ ತಂತಿ ಹಾಗೆ ನೆಟ್ಟಗೆ ಮಲಗಿದ್ರೆ, ಮೇಲಿನ ದಾರ ಸಡಿಲ ಅಥ್ವಾ ಬಾಬಿನ್ ಬಿಗಿ. ಕೆಳಗೆ ದಾರ ಹಕ್ಕಿಗೂಡಿನ ಹಾಗೆ ಮುದ್ದೆ ಕಟ್ಟಿದ್ರೆ ಎಲ್ಲರೂ ಬಾಬಿನ್ನಿಗೇ ಬಯ್ತಾರೆ, ಆದ್ರೆ ಅಲ್ಲಿ ಹೆಚ್ಚಿನ ಸಲ ಮೇಲಿನ ದಾರ ಟೆನ್ಶನ್ ಬಿಲ್ಲೆಗಳ (ದಾರನ ಒತ್ತಿ ಹಿಡಿಯೋ ಗುಂಡು ತಟ್ಟೆಗಳು) ಮಧ್ಯದಿಂದ ಹೊರಗೆ ಬಂದಿರ್ತದೆ.

ಈಗ್ಲೂ ಮೇಲಿನ ದಾರದ ಟೆನ್ಶನ್ ಡಯಲ್ ಮುಟ್ಬೇಡಿ. ಮೇಲಿನ ದಾರ ಪೂರ್ತಿ ಕಿತ್ತು ಕೋನಿಂದ ಹೊಸದಾಗಿ ಪೋಣಿಸಿ, ಬಿಲ್ಲೆಗಳ ನಡುವೆ ದಾರನ ಎರಡು ಕೈಯಲ್ಲಿ ಹಿಡ್ದು ಹಲ್ಲಿನ ಸಂದಿ ತಿಕ್ಕಿದ ಹಾಗೆ ಆಚೀಚೆ ಎಳೆದು ಕೂರಿಸಿ, ಪಕ್ಕದ ಸಣ್ಣ ಸ್ಪ್ರಿಂಗಿಗೆ ಸಿಕ್ಕಿದೆಯಾ ನೋಡಿ. ಸೂಜಿ ಬದಲಿಸಿ, ಚೆನ್ನಾಗೇ ಕಾಣ್ತದಲ್ಲ ಅಂತ ಬಿಡ್ಬೇಡಿ. ನಮ್ಮ ಕಡೆ ಮಳೆಗಾಲದಲ್ಲಿ, ಅದ್ರಲ್ಲೂ ಕಾರವಾರ, ಅಂಕೋಲಾದ ಉಪ್ಪುಗಾಳಿಗೆ, ಸೂಜಿಗೆ ಕಣ್ಣಿಗೆ ಕಾಣ್ದಷ್ಟು ತುಕ್ಕು ಹಿಡ್ದಿರ್ತದೆ, ಉಗುರಿನ ಮೇಲೆ ಎಳೆದ್ರೆ ತರಿ ಗೊತ್ತಾಗ್ತದೆ. ಹೊಸ ಸೂಜಿನ ಪೂರ್ತಿ ಮೇಲ್ತನಕ ತಳ್ಳಿ, ಸೂಜಿಕಣ್ಣಿನ ಹತ್ರ ಕೆತ್ತಿದ ಸಣ್ಣ ಹಳ್ಳ ಇರೋ ಕಡೆ ಹಿಂದಕ್ಕೆ ಬರೋ ಹಾಗೆ ಬಿಗಿ ಮಾಡಿ. ಸೀರೆ ಪದರಗಳು ಜಾಸ್ತಿ ಇದ್ರೆ ನಾನು 16 ನಂಬರ್ ಬಿಟ್ಟು 18 ಹಾಕ್ತೇನೆ, ಸಪೂರ ಸೂಜಿ ಮಷಿನ್ ಓಡೋ ವೇಗಕ್ಕೆ ಬಾಗ್ತದೆ.

ಆಮೇಲೆ ಬಾಬಿನ್. ನನಗೆ ಇದನ್ನ ಕಲಿಸಿದ್ದು ನಮ್ಮ ಕೇರಿಯಲ್ಲೇ ಜೀವಮಾನ ಪೂರ್ತಿ ಹೊಲಿದ ಹಿರಿಯ ಟೈಲರ್ ಒಬ್ರು, "ತಂಗೀ, ಕೆಳಗಿಂದು ಸರಿ ಇಲ್ದೆ ಮೇಲಿಂದು ಎಷ್ಟು ತಿರುಗಿಸಿದ್ರೂ ಅಷ್ಟೇಯಾ" ಅಂದಿದ್ರು. ಕೇಸ್ ಹೊರಗೆ ತೆಗೆದು ಬೆಳಕಿಗೆ ಹಿಡೀರಿ. ಪಕ್ಕದಲ್ಲಿ ತೆಳು ಉಕ್ಕಿನ ಪಟ್ಟಿ ಇದೆಯಲ್ಲ, ದಾರ ಅದ್ರ ಅಡಿಯಿಂದಲೇ ಜಾರೋದು. ತೇವ ಹಿಡಿದ ಹತ್ತಿ ಕಸ ಅಲ್ಲಿ ಒತ್ತಿ ಒತ್ತಿ ಗಟ್ಟಿಯಾಗಿ ಕೂರ್ತದೆ, ಆಗ ಪಟ್ಟಿ ಕೂದಲೆಳೆಯಷ್ಟು ಎದ್ದು ದಾರದ ಮೇಲಿನ ಹಿಡಿತವೇ ಹೋಗ್ತದೆ, ಇಲ್ಲಾ ದಾರ ಅದಕ್ಕೇ ಸಿಕ್ಕಿ ಒಮ್ಮೆ ಬಿಗಿ ಒಮ್ಮೆ ಸಡಿಲ ಆಗ್ತದೆ. ಒಂದು ವಿಸಿಟಿಂಗ್ ಕಾರ್ಡಿನ ಮೂಲೆ ತೂರಿಸಿ ಮೆಲ್ಲಗೆ ಎಳೀರಿ. ಸೂಜಿ, ಪಿನ್ನು ತೂರಿಸ್ಬೇಡಿ, ಪಟ್ಟಿಗೆ ಗೀರು ಬಿದ್ರೆ ಆ ಕೇಸ್ ಮುಂದೆ ಯಾವತ್ತೂ ಸರಿ ಬರೋದಿಲ್ಲ.

ಬಾಬಿನ್ ಒಂದೇ ಸಮ ಸುತ್ತಿರ್ಬೇಕು, ಒತ್ತಿದ್ರೆ ಮೆತ್ತಗೆ ಅನ್ಸಿದ್ರೆ ಬಿಚ್ಚಿ ಮತ್ತೆ ಸುತ್ತಿ. ಕೇಸಿನೊಳಗೆ ಯಾವ ದಿಕ್ಕಿಗೆ ತಿರುಗ್ಬೇಕು ಅನ್ನೋದು ಮಷಿನ್ ಜೊತೆ ಬಂದ ಪುಸ್ತಕದಲ್ಲಿ ಇರ್ತದೆ, ನನ್ನದ್ರಲ್ಲಿ ದಾರ ಎಳೆದಾಗ ಗಡಿಯಾರದ ಮುಳ್ಳಿನ ದಿಕ್ಕು. ಈಗ ಕೇಸನ್ನ ಅಂಗೈಯಲ್ಲಿ ಮಲಗಿಸಿ ದಾರ ಹಿಡ್ದು ಮೇಲಕ್ಕೆ ಎಳೀರಿ. ಕೇಸ್ ಎದ್ದು ಅಂಚಿನ ಮೇಲೆ ನಿಲ್ಬೇಕು, ಆದ್ರೆ ಅಂಗೈ ಬಿಟ್ಟು ಏಳಬಾರ್ದು. ಎದ್ದು ಬಂದ್ರೆ ಬಿಗಿ, ಮಲಗಿದಲ್ಲೇ ಇದ್ದು ದಾರ ಮಾತ್ರ ಬಂದ್ರೆ ಸಡಿಲ. ಪಟ್ಟಿಯ ಸ್ಕ್ರೂನ ಗಡಿಯಾರದ ದೊಡ್ಡ ಮುಳ್ಳು ಐದು ನಿಮಿಷಕ್ಕೆ ಸರಿಯೋವಷ್ಟು ಮಾತ್ರ ತಿರುಗಿಸಿ, ಮತ್ತೆ ಎಳೆದು ನೋಡಿ, ಕೆಳಗೊಂದು ತಟ್ಟೆ ಇಟ್ಕೊಳ್ಳಿ, ಆ ಸ್ಕ್ರೂ ಬಿದ್ರೆ ಸಿಗೋದಿಲ್ಲ. ಟೋವಾ ಗೇಜ್ (ಬಾಬಿನ್ ದಾರದ ಬಿಗಿ ಅಳೆಯೋ ಸಾಧನ) ಇದ್ದವ್ರು ಹೆಚ್ಚಾಗಿ 180ರಿಂದ 220ರ ನಡುವೆ ಇಟ್ಕೊಳ್ತಾರೆ.

ಇಷ್ಟಾದ್ಮೇಲೆ ಫ್ರೇಮ್. ಬಟ್ಟೆ ಚಂಡೆ ಹಾಗೆ ಬಿಗಿ ಇದ್ರೆ ಸೂಜಿ ಮೇಲೆ ಬರುವಾಗ ಬಟ್ಟೆನೂ ಜೊತೆಗೇ ಜಿಗೀತದೆ, ಗಂಟು ಸರಿಯಾಗಿ ಕೂರೋದಿಲ್ಲ, ಹೊಲಿಗೆನೂ ತಪ್ತದೆ. ಕೆಳಗಿಂದ ಬೆರಳು ಒತ್ತಿದ್ರೆ ಮೇಲಿನ ಕೈಗೆ ಆ ಬೆರಳಿನ ತುದಿ ಹಿಡಿಯೋಕೆ ಸಿಗ್ಬೇಕು, ಅಷ್ಟು ಸಡಿಲ ಬಿಡಿ. ಸುರುಳಿ ಹೊಲಿಯುವಾಗ ಮಾತ್ರ ಕೆಳಗೆ ಕಣ್ಣುರೆಪ್ಪೆಯ ಕೂದಲಿನ ಹಾಗೆ ದಾರ ಹರಡಿ ಕಾಣ್ತಿದ್ರೆ ತಿರುವಲ್ಲಿ ಕೈ ನಿಧಾನ ಮಾಡಿ, ನನ್ನ ಅನುಭವದಲ್ಲಿ ಅರ್ಧ ಸಮಸ್ಯೆ ಅಲ್ಲೇ ಹೋಗ್ತದೆ.

ಈಗ ಡಯಲ್ ತಿರುಗಿಸಿ. ಒಂದು ಸಲಕ್ಕೆ ಕಾಲು ಸುತ್ತು, ಮತ್ತೆ ಅಂಚಲ್ಲಿ ಹೊಲಿದು ಅಡಿಗೆ ನೋಡಿ, ಇನ್ನೊಂದು ಕಾಲು ಸುತ್ತು. ದಾರದ ಬಣ್ಣ ಬದಲಿಸಿದ್ರೂ ಮತ್ತೆ ನೋಡ್ಬೇಕು, ಒಂದೇ ಕಂಪನಿ ದಾರ ಆದ್ರೂ ಕಪ್ಪಿಗೂ ಬಿಳಿಗೂ ವ್ಯತ್ಯಾಸ ಬರ್ತದೆ. ಸೂಜಿ ಯಾವುದಾದ್ರೂ ಗುಂಡುಪಿನ್ನಿಗೆ ತಾಗಿ ಮುರಿದ ಮೇಲೆ ಹೊಲಿಗೆ ತಪ್ಪೋಕೆ ಶುರುವಾಗಿದ್ರೆ ಅದು ಟೆನ್ಶನ್ ಅಲ್ಲ, ಹೆಚ್ಚಾಗಿ ಹುಕ್ಕಿನ (ಕೆಳಗೆ ಮೇಲಿನ ದಾರ ಹಿಡಿಯೋ ಕೊಕ್ಕೆ) ಟೈಮಿಂಗ್, ಅಂದ್ರೆ ಸೂಜಿ ಜೊತೆಗಿನ ಅದ್ರ ತಾಳ, ಜಾರಿರ್ತದೆ, ಅದಕ್ಕೆ ಗೊತ್ತಿರೋ ಮೆಕ್ಯಾನಿಕ್ಕೇ ಬೇಕು, ನಮಗೆ ಹುಬ್ಬಳ್ಳಿಯಿಂದ ಬರ್ಬೇಕಾಗ್ತದೆ.

ಕುಮಟಾದವ್ರ ಕೌದಿ ಆದಾಗಿಂದ ನಾನು ಸೂಜಿ, ಬಾಬಿನ್ ಕೇಸ್ ಎಲ್ಲಾ ಗಟ್ಟಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ, ಹೊಸ ಚಪ್ಪಲಿ ಜೊತೆ ಬರೋ ಸಿಲಿಕಾ ಪೊಟ್ಟಣ ಹಾಕಿ ಇಡ್ತೇನೆ. ಪ್ರತಿ ಬಾಬಿನ್ ಖಾಲಿಯಾದಾಗ ಬ್ರಷ್ ಹಾಕಿ ಕಸ ತೆಗೀತೇನೆ, ಫ್ರೇಮಿನ ಅಡಿಗೆ ಕೈ ಆಡಿಸೋದು ಮೂರನೇ ಸಾಲಿಗಲ್ಲ, ಮೊದಲ ಒಂದು ಗೇಣು ಹೊಲಿದ ಕೂಡ್ಲೇ.